ಹಳೆಯ ಬ್ಯಾಕಪ್‌ನಿಂದ ಎದ್ದು ಬಂದವರು

ನವೆಂಬರ್ 6, ಬುಧವಾರ

ಕುದುರೆ ರೇಸು ನೋಡುತ್ತ ಕೈ ಮುರಿದುಕೊಂಡವಳು ಈ ಕಾರಿಂಗಾ ಊರಿನಲ್ಲಿ ನಾನೊಬ್ಬಳೇ ಇರಬೇಕು. ನಿನ್ನೆ ಊರಿನ ಹಾಲ್‌ನಲ್ಲಿ ಮೆಲ್ಬರ್ನ್ ಕಪ್ ರೇಸಿನ ಊಟ. ಟಿವಿಯಲ್ಲಿ ಕುದುರೆಗಳು ಕೊನೆಯ ತಿರುವಿಗೆ ಬಂದಿದ್ದವು, ಚೀಟಿ ಎತ್ತಿದಾಗ ನನ್ನ ಪಾಲಿಗೆ ಬಂದ ಕುದುರೆ ಮುಂದಿತ್ತು. ತಲೆಯ ಮೇಲೆ ಗರಿಗಳ ಹ್ಯಾಟು ಬೇರೆ. ಕುಣಿದಾಡುತ್ತ ಹಿಂದಕ್ಕೆ ಹೆಜ್ಜೆ ಇಟ್ಟೆ, ಹಿಂದೆ ಯಾರೋ ಐಸ್ ಪೆಟ್ಟಿಗೆ ಇಟ್ಟಿದ್ದರು. ಎಡಗೈ ಮಣಿಕಟ್ಟು ಮುರಿಯಿತು. ಕುದುರೆಯೂ ಗೆಲ್ಲಲಿಲ್ಲ.

ಪುಣ್ಯಕ್ಕೆ ಬಲಗೈ ಉಳಿದಿದೆ, ಬರೆಯಬಹುದು. ಆದರೆ ಕ್ರಿಸ್‌ಮಸ್ ಹತ್ತಿರವಾಗುವ ತನಕ ಪ್ಲಾಸ್ಟರ್, ಅಲ್ಲಿಯವರೆಗೆ ಕಾರು ಮುಟ್ಟುವ ಹಾಗಿಲ್ಲ ಎಂದರು ಡಾಕ್ಟರು. ಕೈ ನೋವು ಹಾಳಾಗಲಿ, ಕ್ಲೆಮ್‌ನದೇನು ಗತಿ? ನನ್ನ ಗಂಡನ ಕಿಡ್ನಿ ಕೈಕೊಟ್ಟು ನಾಲ್ಕು ವರ್ಷವಾಯಿತು. ಸೋಮವಾರ, ಬುಧವಾರ, ಶುಕ್ರವಾರ ಒಂದೂವರೆ ಗಂಟೆ ಕಾರು ಓಡಿಸಿ ಮಿಲ್ದುರಾ ಆಸ್ಪತ್ರೆಯ ಡಯಾಲಿಸಿಸ್ ಮೆಷಿನ್ನಿಗೆ ಅವನನ್ನು ಒಪ್ಪಿಸಿ, ಮಧ್ಯಾಹ್ನ ಮತ್ತೆ ಕರೆದುಕೊಂಡು ಬರುವವಳು ನಾನು. ಅವನು ಅದನ್ನು ‘ಆಯಿಲ್ ಬದಲಾಯಿಸುವುದು’ ಎನ್ನುತ್ತಾನೆ. ಒಂದು ಸಲ ತಪ್ಪಿದರೆ ಕಾಲು ಊದಿಕೊಳ್ಳುತ್ತದೆ. ಮತ್ತೆ ಮತ್ತೆ ತಪ್ಪಿದರೆ ಏನಾಗುತ್ತದೆಂದು ನರ್ಸ್ ಹೇಳಿದ್ದಾಳೆ, ಅದನ್ನು ಇಲ್ಲಿ ಬರೆಯುವುದಿಲ್ಲ.

ಇವತ್ತು ನೋಯೆಲ್ ಕರೆದೊಯ್ದ. ನಮ್ಮ ಹೊಲವನ್ನು ಪಾಲಿಗೆ ಮಾಡುವವನು ಅವನೇ. ಪುಣ್ಯಾತ್ಮ, ಗೋಧಿ ಕೊಯ್ಲಿನ ಮೆಷಿನ್ನು ನಿಲ್ಲಿಸಿ ಬಂದಿದ್ದ. ಹೋಗುವಾಗ ಟೋಪಿ ತಿರುಗಿಸುತ್ತ ನಿಂತ. “ಮುಂದಿನ ವಾರದಿಂದ ಆಗಲ್ಲ ಐಲ್ಸಾ. ಮಳೆ ಬಂದ್ರೆ ಎಲ್ಲ ಹೋಯ್ತು. ಊರಲ್ಲಿ ಯಾರಿಗೂ ಆಗಲ್ಲ ಅನ್ಸುತ್ತೆ.”

ನನಗೂ ಗೊತ್ತು. ಆದರೂ ಎಲ್ಲರಿಗೂ ಒಂದು ಮೇಲ್ ಹಾಕಿ ಕೇಳಬೇಕು. ಇಷ್ಟು ವರ್ಷದಲ್ಲಿ ಯಾರ ಹತ್ತಿರವೂ ಏನೂ ಕೇಳಿದವಳಲ್ಲ ನಾನು.

ನವೆಂಬರ್ 7, ಗುರುವಾರ

ಕಂಪ್ಯೂಟರು ಸತ್ತಿತು! ಬೇರೆ ದಿನ ಸಿಗಲಿಲ್ಲ ಅದಕ್ಕೆ. ಆನ್ ಮಾಡಿದರೆ ಒಳಗಿನಿಂದ ಟಕ್ ಟಕ್ ಸದ್ದು, ಪರದೆ ಕಪ್ಪು. ಕ್ಲೆಮ್ ಬಂದು ಎರಡು ಗುದ್ದು ಕೊಟ್ಟು ನೋಡಿದ. ಟ್ರಾಕ್ಟರಿಗೂ ಅವನ ಔಷಧಿ ಅದೇ.

ಸಾಮಾನು ತರುವ ಗಾಲಿ ಬಂಡಿಯಲ್ಲಿ ಅದನ್ನು ಕೂರಿಸಿಕೊಂಡು, ಒಂದೇ ಕೈಯಲ್ಲಿ ಎಳೆಯುತ್ತ ಪೋಸ್ಟ್ ಆಫೀಸಿಗೆ ಹೋದೆ. ಅಲ್ಲಿನ ಟ್ರಿಷ್ ಹಿಂದಿನ ಕೋಣೆಯಲ್ಲಿ ಕಂಪ್ಯೂಟರು ರಿಪೇರಿ ಮಾಡುತ್ತಾಳೆ. ಸಿಡ್ನಿಯಿಂದ ಬಂದವಳು, ಎಲ್ಲರಿಗೂ ‘ಚಿನ್ನಾ’ ಎನ್ನುತ್ತಾಳೆ, ಪಾದ್ರಿಗೂ.

“ಹಾರ್ಡ್ ಡಿಸ್ಕ್ ಹೋಗಿದೆ ಚಿನ್ನಾ. ಹೋಗಿದೆ ಅಂದ್ರೆ ಪೂರ್ತಿ ಹೋಗಿದೆ. ಹೊಸದು ಹಾಕ್ಕೊಡ್ತೀನಿ. ಒಳಗಿದ್ದದ್ದು ಮಾತ್ರ ಮರೆತುಬಿಡು.”

“ಮರೆಯೋಕಾಗಲ್ಲ ಕಣೆ! ಎಲ್ಲರ ಇಮೇಲು, ಫೋನ್ ನಂಬರು ಅದರ ಹೊಟ್ಟೇಲೇ ಇದೆ.”

“ಬ್ಯಾಕಪ್ ಇದ್ಯಾ?”

ಇದೆ! ಬೆಂಕಿ ಚೀಲದಲ್ಲಿದೆ. ಬೇಸಿಗೆ ಬಂತೆಂದರೆ ಎಲ್ಲರಂತೆ ನಾನೂ ಬಾಗಿಲ ಪಕ್ಕ ಒಂದು ಚೀಲ ಕಟ್ಟಿಡುತ್ತೇನೆ. ಹೊಲಗಳಿಗೆ ಬೆಂಕಿ ಬಿದ್ದು ಊರು ಬಿಡು ಎಂದರೆ ಅದೊಂದನ್ನು ಎತ್ತಿಕೊಂಡು ಓಡುವುದು. ಮದುವೆ ಫೋಟೊ, ಮನೆ ಪತ್ರ, ಕ್ಲೆಮ್‌ನ ಮಾತ್ರೆ ಚೀಟಿ, ಜೊತೆಗೆ ಕಂಪ್ಯೂಟರಿನಲ್ಲಿ ಇರುವುದನ್ನೆಲ್ಲ ತುಂಬಿದ ಪುಟ್ಟ ಡಿಸ್ಕು. ಪ್ರತಿ ವರ್ಷ ಅದಕ್ಕೆ ಹೊಸದಾಗಿ ತುಂಬಬೇಕು. ಕ್ಲೆಮ್ ಕಾಯಿಲೆ ಬಿದ್ದ ಮೇಲೆ ಆ ಕೆಲಸ ಯಾರು ಮಾಡಿದರು? ಹಳೆಯದಾದರೂ ಇದೆಯಲ್ಲ, ಅದೇ ದೊಡ್ಡದು. ಓಡಿಹೋಗಿ ತಂದುಕೊಟ್ಟೆ.

ನವೆಂಬರ್ 8, ಶುಕ್ರವಾರ

ನೋಯೆಲ್‌ನ ಹೆಂಡತಿ ಜೋನ್ ಕರೆದೊಯ್ದಳು. ಕೊಯ್ಲಿನವರ ಊಟ ಬಿಟ್ಟು ಬಂದಿದ್ದಳು, ದಾರಿಯುದ್ದಕ್ಕೂ ಗಡಿಯಾರ ನೋಡುತ್ತಿದ್ದಳು.

ಮನೆಗೆ ಬಂದ ಮೇಲೆ ಕ್ಲೆಮ್ ಶೂ ಬಿಚ್ಚದೆ ಕುಳಿತಿದ್ದ.

“ಐಲ್ಸಾ, ಕ್ರಿಸ್‌ಮಸ್ ತನಕ ಹೇಗೋ ತಳ್ಳೋಣ. ಆಮೇಲೆ ನಿಲ್ಲಿಸಿಬಿಡೋಣ.”

“ಏನನ್ನ?”

“ಏನನ್ನ ಅಂತ ನಿಂಗೆ ಗೊತ್ತು.”

ಮಿಲ್ದುರಾದಲ್ಲೇ ಆಸ್ಪತ್ರೆ ಹತ್ತಿರ ಒಂದು ಕೋಣೆ ಹಿಡಿಯೋಣ ಎಂದೆ. ಪೆಟ್ಟಿಗೆಯಂಥ ಕೋಣೆಯಲ್ಲಿ ಕೂತು ಸಾಯುವವನಲ್ಲ ನಾನು ಎಂದ. ಸಿಟ್ಟಿನಿಂದ ಹೇಳಿದ್ದರೆ ನಾನೂ ಜಗಳಕ್ಕೆ ನಿಲ್ಲುತ್ತಿದ್ದೆ. ಸಮಾಧಾನವಾಗಿ ಹೇಳಿದ.

ನವೆಂಬರ್ 9, ಶನಿವಾರ

ಟ್ರಿಷ್ ಕಂಪ್ಯೂಟರು ತಾನೇ ತಂದು ಜೋಡಿಸಿಕೊಟ್ಟಳು. ಒಳಗೆ ಹೊಸ ಡಿಸ್ಕು, ಮುಖ ಮಾತ್ರ ಹಳೆಯದು. ಮೇಲ್ ತೆರೆದರೆ ವಿಳಾಸಗಳ ಜಾಗ ಖಾಲಿ ಖಾಲಿ. ಆಮೇಲೆ ಅವಳು ಬೆಂಕಿ ಚೀಲದ ಡಿಸ್ಕು ಸಿಕ್ಕಿಸಿ, ಯಾವುದೋ ಫೈಲು ಹುಡುಕಿ, ‘ಮರಳಿ ತಾ’ ಎಂದು ಒತ್ತಿದಳು. ಹಸಿರು ಪಟ್ಟಿ ಮೆಲ್ಲಗೆ ತುಂಬಿತು. ಒಂದೊಂದೇ ಹೆಸರು ಬರತೊಡಗಿತು ನೋಡಿ, ನನಗೆ ಕಣ್ಣು ತುಂಬಿ ಬಂತು.

“ಇದೇನೇ ಇದು?” ಟ್ರಿಷ್ ಬಿದ್ದು ಬಿದ್ದು ನಕ್ಕಳು. “ಇಲ್ಲಿ ಜನರೇ ಇಲ್ಲ! ‘ನಿಂಬೆ ಟಾರ್ಟ್’, ‘ಮೊಟ್ಟೆ ಸ್ಯಾಂಡ್‌ವಿಚ್’, ‘ಸಾಸೇಜ್ ರೋಲ್ ಒಂದು’, ‘ಸಾಸೇಜ್ ರೋಲ್ ಎರಡು’, ‘ಏನೂ ತರದವನು’!”

ನಗುವುದೇನಿದೆ? ಫುಟ್‌ಬಾಲ್ ಕ್ಲಬ್ಬಿನ ಕಾರ್ಯದರ್ಶಿ ನಾನು. ಆಟವಿರಲಿ, ಮದುವೆಯಿರಲಿ, ಮಣ್ಣು ಮಾಡಿ ಬಂದ ದಿನವಿರಲಿ, ಎಲ್ಲರೂ ಒಂದೊಂದು ಪ್ಲೇಟ್ ತಿಂಡಿ ತರಬೇಕು. ಯಾರಿಗೆ ಏನು ಹೇಳಬೇಕೆಂದು ನೆನಪಿಡಲು, ಹೆಸರಿನ ಜಾಗದಲ್ಲಿ ತಿಂಡಿ ಬರೆದಿದ್ದೆ. ‘ಏನೂ ತರದವನು’ ಬೇರೆ ಯಾರೂ ಅಲ್ಲ, ನೋಯೆಲ್.

ಟ್ರಿಷ್ ಹೋದ ಮೇಲೆ ಒಂದೇ ಕೈಯಲ್ಲಿ ಒಂದೊಂದೇ ಅಕ್ಷರ ಕುಟ್ಟಿ ಬರೆದೆ. ಕೈ ಮುರಿದಿದೆ, ಕ್ಲೆಮ್‌ನನ್ನು ಸೋಮ, ಬುಧ, ಶುಕ್ರ ಮಿಲ್ದುರಾಕ್ಕೆ ಕರೆದೊಯ್ಯಬೇಕು, ಕೊಯ್ಲಿನ ಕಾಲ ಎಂದು ಗೊತ್ತು, ಆದರೂ ಯಾರಾದರೂ ಬರಲು ಆಗುತ್ತದೆಯೇ? ‘ಪ್ಲೇಟ್‌ನವರು ಎಲ್ಲರೂ’ ಎಂಬ ಗುಂಪಿಗೆ ಕಳಿಸಿಬಿಟ್ಟೆ. ಕಳಿಸಿದ ಮೇಲೆ ಮೈ ಬಿಸಿಯಾಯಿತು, ಬೀದಿಯಲ್ಲಿ ನಿಂತು ಕೂಗಿದ ಹಾಗೆ.

ನವೆಂಬರ್ 10, ಭಾನುವಾರ

ಚರ್ಚಿನಿಂದ ಬಂದು ನೋಡಿದೆ. ಕೆಲವು ಮೇಲ್‌ಗಳು ವಿಳಾಸವಿಲ್ಲವೆಂದು ವಾಪಸು ಬಂದಿದ್ದವು. ನಮ್ಮೂರಿನವರದು ಒಂದೇ ರಾಗ, ಕೊಯ್ಲು ಮುಗಿಯಲಿ ಐಲ್ಸಾ, ಖಂಡಿತ ಬರ್ತೀವಿ. ಅವರ ತಪ್ಪೇನಿದೆ?

ನಮ್ಮೂರಿನ, ತೀರಿಕೊಂಡ ಆರ್ಥರ್‌ನ ವಿಳಾಸದಿಂದಲೂ ಒಂದು ಉತ್ತರ ಬಂದಿತ್ತು! ಅವನ ಹೆಂಡತಿ ಇಸೋಬೆಲ್ ಬರೆದಿದ್ದಳು. “ಅವನಿದ್ದಿದ್ರೆ ಈಗಾಗ್ಲೇ ನಿಮ್ಮ ಗೇಟ್ ಹತ್ರ ಇರ್ತಿದ್ದ. ನಂಗೆ ಕಾರು ಬರಲ್ಲ, ಸೂಪು ಕಳಿಸ್ತೀನಿ.” ಸಂಜೆ ಸೂಪು ಬಂದೇ ಬಂತು. ದೇವರು ಅವಳನ್ನು ಚೆನ್ನಾಗಿಟ್ಟಿರಲಿ.

ಕೊನೆಯ ಉತ್ತರ ಒಂದೇ ಸಾಲು. “ನಾಳೆ ಬೆಳಿಗ್ಗೆ ನಾನು ಬರ್ತೀನಿ. ರಾನ್ ಹಿಸ್ಕಾಕ್.”

ಬೂಲೂಕ್‌ನ ರಾನ್ ಹಿಸ್ಕಾಕ್! ಅವನಿಗೆ ಹೇಗೆ ಹೋಯಿತು ಎಂದು ಗುಂಪು ತೆರೆದು ನೋಡಿದರೆ, ಅಯ್ಯೋ ನನ್ನ ತಲೆಯೇ! ಆ ಕಡೆಯವರೆಲ್ಲ ಅಲ್ಲೇ ಕೂತಿದ್ದಾರೆ. ‘ಶುಂಠಿ ಕೇಕ್’ ಎಂದರೆ ರಾನ್‌ನ ಹೆಂಡತಿ ಮರ್ನಾ. ಬ್ಯಾಕಪ್ ಜಗಳಕ್ಕಿಂತ ಹಿಂದಿನದು, ಅವರೂ ನಮ್ಮಲ್ಲಿಗೆ ಪ್ಲೇಟ್ ತರುತ್ತಿದ್ದ ಕಾಲದ್ದು.

ಪಕ್ಕದೂರು ಬೂಲೂಕ್‌ನಲ್ಲೂ ಆಟಗಾರರಿಲ್ಲ, ನಮ್ಮಲ್ಲೂ ಇಲ್ಲ, ಎರಡು ಕ್ಲಬ್ಬು ಒಂದಾಗೋಣ ಎಂದು ಮಾತಾಗಿತ್ತು. ಯಾರ ಮೈದಾನ, ಯಾರ ಬಣ್ಣದ ಅಂಗಿ ಎನ್ನುವಲ್ಲಿ ಮುರಿದುಬಿತ್ತು. ಅವರು ರಾತ್ರೋರಾತ್ರಿ ಇನ್ನೊಂದು ಊರಿನ ಜೊತೆ ಸೇರಿದರು, ನಮ್ಮ ಒಳ್ಳೆಯ ಆಟಗಾರರನ್ನೂ ಎಳೆದುಕೊಂಡು ಹೋದರು. ತುಂಬಿದ ಸಭೆಯಲ್ಲಿ ನಮ್ಮ ಅಧ್ಯಕ್ಷ ಎದ್ದು ನಿಂತು ಅವರ ಅಧ್ಯಕ್ಷನನ್ನು ‘ಕಳ್ಳ’ ಎಂದ. ನಮ್ಮ ಅಧ್ಯಕ್ಷ ಕ್ಲೆಮ್, ಅವರ ಅಧ್ಯಕ್ಷ ರಾನ್. ಮರುದಿನ ಕಮಿಟಿಯವರು ಹೇಳಿದಂತೆ ಬೂಲೂಕ್‌ನವರ ವಿಳಾಸಗಳನ್ನೆಲ್ಲ ತೆಗೆದುಹಾಕಿದ್ದೆ. ಅಂದಿನಿಂದ ಎರಡೂರಿಗೂ ಮಾತಿಲ್ಲ, ಪೆಟ್ರೋಲ್ ಬಂಕಿನಲ್ಲಿ ಎದುರಾದರೂ ಮುಖ ಆ ಕಡೆ.

ಬೇಡ ಎಂದು ಬರೆಯಲೇ? ಬೇಡ ಎಂದರೆ ನಾಳೆ ಯಾರು? ಬೇರೆ ಯಾರೂ ಇಲ್ಲ. ಕ್ಲೆಮ್‌ಗೆ ಹೇಳಿಲ್ಲ.

ನವೆಂಬರ್ 11, ಸೋಮವಾರ

ಗೇಟಿನಲ್ಲಿ ಹಾರ್ನ್ ಆಯಿತು. ಕ್ಲೆಮ್ ಕೋಲೂರಿಕೊಂಡು ಹೊರಗೆ ಬಂದು, ಕಾರಿನಲ್ಲಿ ಯಾರೆಂದು ನೋಡಿ ಅಲ್ಲೇ ಕಂಬವಾದ.

“ಹತ್ತೋ ಮುದಿಯಾ,” ಎಂದ ರಾನ್, ಕಿಟಕಿಯಿಂದಲೇ.

“ನಿನ್ನ ಕಾರಲ್ಲಾ? ಅದಕ್ಕಿಂತ ಸಾಯೋದು ವಾಸಿ.”

“ಸಾಯಿ, ಬೇಡ ಅಂದೋರ್ಯಾರು? ಕಾರಲ್ಲಿ ಮಾತ್ರ ಸಾಯ್ಬೇಡ. ಸೀಟ್ ಕವರ್ ಹೊಸದು.”

ಕ್ಲೆಮ್ ನನ್ನ ಕಡೆ ನೋಡಿದ. ನಾನು ಬೇಡಿಕೊಳ್ಳಲಿಲ್ಲ, ಅಳಲೂ ಇಲ್ಲ. ಪ್ಲಾಸ್ಟರ್ ಕೈ ಎತ್ತಿ ತೋರಿಸಿದೆ ಅಷ್ಟೆ. ಅವನು ಹಿಂದಿನ ಸೀಟಿಗೆ ಹತ್ತಿ ಬಾಗಿಲು ದಢಾರನೆ ಎಳೆದುಕೊಂಡ. ನಾನು ಮುಂದೆ ಕುಳಿತೆ.

ಅವನು ಮೆಷಿನ್ನಿನಲ್ಲಿದ್ದಾಗ ರಾನ್ ನನಗೆ ಕಾಫಿ ತಂದುಕೊಟ್ಟ. ಏನಾದರೂ ಕೇಳಬೇಕಲ್ಲ ಎಂದು, ಕೊಯ್ಲು ಬಿಟ್ಟು ಬಂದೆಯಲ್ಲ ಎಂದೆ.

“ಕೊಯ್ಯೋಕೇನಿದೆ? ಹೋದ ತಿಂಗಳು ಆಲಿಕಲ್ಲು ಬಿತ್ತಲ್ಲ. ನಮ್ಮ ಕಡೆ ಹೊಲವೆಲ್ಲ ನೆಲಸಮ. ಬಿತ್ತನೆಗೆ ಅಂತ ಇಟ್ಕೊಳ್ಳೋಕೂ ಒಂದು ಚೀಲ ಸಿಗ್ಲಿಲ್ಲ.” ಸಕ್ಕರೆ ಕದಡುತ್ತ ಕುಳಿತ. “ಬೂಲೂಕ್‌ನಲ್ಲಿ ಈಗ ಎಲ್ಲರೂ ಖಾಲಿ ಕೂತಿದೀವಿ. ಕೆಲಸ ಇಲ್ದೆ ಮರ್ನಾ ಗೋಡೆಗೆಲ್ಲ ಬಣ್ಣ ಹೊಡೀತಿದಾಳೆ.”

ಆಲಿಕಲ್ಲು ಬಿತ್ತೆಂದು ಕೇಳಿದ್ದೆ. ಕಾರಿಂಗಾ ಬಿಟ್ಟು ಆ ಕಡೆ ಹೋಯಿತಂತೆ ಎಂದು ನಾವೆಲ್ಲ ದೇವರಿಗೆ ಕೈ ಮುಗಿದಿದ್ದೆವು. ಆ ಕಡೆ ಎಂದರೆ ಯಾರ ಮೇಲೆ ಎಂದು ನಮ್ಮಲ್ಲಿ ಒಬ್ಬರೂ ಕೇಳಲಿಲ್ಲ. ಒಂದು ಪ್ಲೇಟ್ ತಿಂಡಿ ಕೂಡ ಅತ್ತ ಹೋಗಲಿಲ್ಲ.

ವಾಪಸು ಬರುವಾಗ ರಾನ್ ಯಾವುದೋ ಹಳೆಯ ಫೈನಲ್ ಪಂದ್ಯದ ಮಾತೆತ್ತಿ, ಕೊನೆಯ ಗೋಲು ನಮ್ಮದು ಎಂದ. ಹಿಂದಿನ ಸೀಟಿನಿಂದ ಧ್ವನಿ ಬಂತು. “ಅದು ಗೋಲಲ್ಲ. ಕಂಬಕ್ಕೆ ತಾಗಿತ್ತು.”

ನವೆಂಬರ್ 13, ಬುಧವಾರ

ಮರ್ನಾ ಬಂದಳು. ಉಗುರಿನಲ್ಲಿ ಹಳದಿ ಬಣ್ಣ. ಶುಂಠಿ ಕೇಕ್ ತಂದಿದ್ದಳು. ಮೊದಲು ನಾವಿಬ್ಬರೂ ಹವೆಯ ಬಗ್ಗೆ ಮಾತಾಡಿದೆವು, ಆಮೇಲೆ ಮೊಣಕಾಲಿನ ಬಗ್ಗೆ, ಆಮೇಲೆ ನಿಲ್ಲಿಸಲೇ ಇಲ್ಲ. ಕ್ಲೆಮ್ ಹಿಂದಿನ ಸೀಟಿನಲ್ಲಿ ನಿದ್ದೆ ನಟಿಸುತ್ತಿದ್ದ. ಕೇಕ್ ಮುಟ್ಟಲಿಲ್ಲ. ಸಂಜೆ ನೋಡಿದರೆ ಡಬ್ಬಿಯಲ್ಲಿ ಅರ್ಧವೇ ಇತ್ತು.

ನವೆಂಬರ್ 15, ಶುಕ್ರವಾರ

ಬೂಲೂಕ್‌ನ ಬೇಕರಿಯವನು. ಹೋಗಿ ಬಂದೆವು. ದೇವರು ದೊಡ್ಡವನು.

ನವೆಂಬರ್ 22, ಶುಕ್ರವಾರ

ಅಂಗಡಿಯಲ್ಲಿ ನೋಯೆಲ್ ಸಿಕ್ಕಿದ, ತಲೆಯೆಲ್ಲ ಗೋಧಿ ಹೊಟ್ಟು.

“ಕ್ಲೆಮ್ ಆ ಕಳ್ಳರ ಕಾರಲ್ಲಿ ಓಡಾಡ್ತಿದಾನಂತೆ? ಊರೆಲ್ಲ ಮಾತಾಡ್ತಿದೆ.”

“ಊರಿಗೆ ಹೇಳು, ಮಾತಾಡೋದ್ರ ಬದಲು ಬಂದು ಕಾರು ಓಡಿಸಲಿ ಅಂತ.” ಸುತ್ತ ಇದ್ದವರೆಲ್ಲ ತಿರುಗಿ ನೋಡಿದರು. ನೋಡಲಿ ಬಿಡು. “ನೀನು ಬಂದೆ, ಜೋನ್ ಬಂದ್ಲು, ನಿಮ್ಮ ಉಪಕಾರ ನಾನು ಮರೆಯಲ್ಲ. ಆದ್ರೆ ನಮ್ಮ ರಾನ್‌ಗೆ ಒಂದು ಮಾತಂದ್ರೆ ಮಾತ್ರ ನಾನು ಸುಮ್ಮನಿರೋಳಲ್ಲ.”

ನೋಯೆಲ್ ಬ್ರೆಡ್ಡು ತೆಗೆದುಕೊಂಡು ಹೋದ. ಹಾಲು ತರುವುದಕ್ಕೆಂದು ಹೋದವಳು ಹಾಲು ಬಿಟ್ಟು ಬಂದೆ.

ನವೆಂಬರ್ 25, ಸೋಮವಾರ

ಕ್ಲೆಮ್ ಮುಂದಿನ ಸೀಟಿನಲ್ಲಿ ಕುಳಿತ. ಹಿಂದೆ ಕಾಲು ಹಿಡಿಯುತ್ತದಂತೆ.

ಡಿಸೆಂಬರ್ 2, ಸೋಮವಾರ

ಕೆಟ್ಟ ದಿನ. ಮೆಷಿನ್ನಿನಲ್ಲಿದ್ದಾಗ ಕ್ಲೆಮ್‌ನ ರಕ್ತದೊತ್ತಡ ಕುಸಿಯಿತು. ನರ್ಸುಗಳು ಓಡಿ ಬಂದರು, ಪರದೆ ಎಳೆದರು. ನಾನು ಹೊರಗೆ ಬೆಂಚಿನಲ್ಲಿ ಕುಳಿತೆ. ಪರದೆ ಸರಿಸುವ ತನಕ ರಾನ್ ನನ್ನ ಪಕ್ಕದಿಂದ ಏಳಲಿಲ್ಲ.

ಹೊತ್ತು ಇಳಿಯುವಾಗ ಬಿಟ್ಟರು. ಕಾರಿನಲ್ಲಿ ನಾನು ಹಿಂದೆ ಕಣ್ಣು ಮುಚ್ಚಿಕೊಂಡಿದ್ದೆ, ನಿದ್ದೆ ಹೋಗಿದ್ದಾಳೆ ಎಂದುಕೊಂಡರು.

“ಕ್ರಿಸ್‌ಮಸ್ ಆದ್ಮೇಲೆ ನಿಲ್ಲಿಸ್ತೀನಿ ರಾನ್,” ಎಂದ ಕ್ಲೆಮ್. “ಸಾಕಾಗಿದೆ. ಇವಳಿಗೂ ಸಾಕಾಗಿದೆ.”

ರಾನ್ ಮುಂದಿದ್ದ ಗೋಧಿ ಲಾರಿಯನ್ನು ದಾಟಿದ.

“ನಿಲ್ಲಿಸು. ನಿನ್ನ ಮೈ, ನಿನ್ನಿಷ್ಟ. ಅದಕ್ಕೆ ಮುಂಚೆ ನನ್ನ ಹತ್ರ ಸಾರಿ ಕೇಳು.”

“ಯಾವುದಕ್ಕೆ?”

“ತುಂಬಿದ ಸಭೇಲಿ ಕಳ್ಳ ಅಂದಿದ್ದಕ್ಕೆ.”

“ಕೇಳಲ್ಲ.”

“ಹಾಗಾದ್ರೆ ನಿಲ್ಲಿಸೋ ಹಾಗಿಲ್ಲ. ಸಾರಿ ಕೇಳ್ದೆ ತಪ್ಪಿಸ್ಕೊಳ್ಳೋಕೆ ನಾನು ಬಿಡಲ್ಲ. ಬುಧವಾರ ಮರ್ನಾ ಬರ್ತಾಳೆ, ರೆಡಿಯಾಗಿರು.”

ಕ್ಲೆಮ್ ಬಿಕ್ಕಿದ ಹಾಗೆ ಕೇಳಿಸಿತು. ಅಳುತ್ತಿದ್ದಾನೆಂದು ಹೆದರಿ ಕಣ್ಣು ಬಿಟ್ಟೆ. ನಗುತ್ತಿದ್ದ.

ಡಿಸೆಂಬರ್ 9, ಸೋಮವಾರ

ಇವರಿಬ್ಬರೂ ದಾರಿಯುದ್ದಕ್ಕೂ ಅದೇ ಕಂಬ, ಅದೇ ಗೋಲು. ತಲೆ ಚಿಟ್ಟು ಹಿಡಿಯಿತು. ಎಷ್ಟು ಖುಷಿಯಾಯಿತೆಂದರೆ ಬರೆಯಲು ಬರುವುದಿಲ್ಲ.

ಡಿಸೆಂಬರ್ 12, ಗುರುವಾರ

ಟ್ರಿಷ್ ಕಂಪ್ಯೂಟರು ಹೇಗಿದೆ ನೋಡಲು ಬಂದಿದ್ದಳು. ಹಳೆಯ ವಿಳಾಸಗಳಲ್ಲಿ ಬೇಡದ್ದನ್ನು ಅಳಿಸಿಕೊಡಲೇ ಎಂದಳು.

“ಬೇಡದ್ದು ಯಾವುದೂ ಇಲ್ಲ,” ಎಂದೆ.

“ಮೂರು ಜನ ತೀರ್ಕೊಂಡಿದಾರೆ ಅಂತ ನೀನೇ ಹೇಳಿದ್ದೆ ಚಿನ್ನಾ.”

“ಇರಲಿ ಬಿಡೆ. ಜಾಗ ಏನು ಕಡಮೆಯಾಗಿದ್ಯಾ?”

ಹೊಸ ಬ್ಯಾಕಪ್ ಮಾಡಿಸಿ ಬೆಂಕಿ ಚೀಲದಲ್ಲಿಟ್ಟೆ. ಈ ಹುಡುಗಿಗೆ ಎಷ್ಟು ಥ್ಯಾಂಕ್ಸ್ ಹೇಳಿದರೂ ಕಡಮೆಯೇ. ಇನ್ನೊಂದು ಸಲ ಹೇಳಿದರೆ ಬಿಲ್ ಕಳಿಸುತ್ತೇನೆ ಎಂದು ಹೆದರಿಸಿ ಹೋದಳು.

ಡಿಸೆಂಬರ್ 17, ಮಂಗಳವಾರ

ಪ್ಲಾಸ್ಟರ್ ಬಿಚ್ಚಿದರು. ಕೈ ತೆಳ್ಳಗೆ, ಬೆಳ್ಳಗೆ, ಬೇರೆ ಯಾರದೋ ಕೈಯಂತಿದೆ. ಕಾರು ಓಡಿಸಬಹುದು ಎಂದರು ಡಾಕ್ಟರು.

ಮನೆಗೆ ಬಂದು ಎರಡೂ ಕೈ ಕೀಲಿಮಣೆಯ ಮೇಲಿಟ್ಟು ಎಲ್ಲರಿಗೂ ಮೇಲ್ ಬರೆಯಲು ಕುಳಿತೆ. ನಿಮ್ಮೆಲ್ಲರ ಋಣ ದೊಡ್ಡದು, ಇನ್ನು ನಾನೇ ಕರೆದೊಯ್ಯುತ್ತೇನೆ, ಬೂಲೂಕ್‌ನವರು ಹಬ್ಬಕ್ಕೆ ನಮ್ಮ ಹಾಲ್‌ಗೆ ಬರಬೇಕು, ಯಾರೂ ಪ್ಲೇಟ್ ತರುವ ಹಾಗಿಲ್ಲ, ಈ ಸಲ ಪ್ಲೇಟ್ ನಮ್ಮದು. ಇಷ್ಟು ಬರೆದಿದ್ದೆ. ಕ್ಲೆಮ್ ಕುರ್ಚಿ ಎಳೆದುಕೊಂಡು ಬಂದು ಪಕ್ಕ ಕುಳಿತ.

“ಸೋಮವಾರ ನೀನು ಬರ್ಬೇಡ. ಸೋಮವಾರ ರಾನ್‌ದೇ. ಹಾಗಂತ ಹಾಕು.”

ಹಾಕಿದೆ.

“ಇನ್ನೊಂದು ಹಾಕು. ನಾನು ಹೇಳ್ತೀನಿ, ನೀನು ಬರಿ. ರಾನ್, ನನ್ನ ಪಾಲಿನ ಗೋಧಿ ಈ ವಾರ ಕಣಜಕ್ಕೆ ಬಂತು. ಬಿತ್ತನೆಗೆ ನಿಂಗೆಷ್ಟು ಬೇಕೋ ಅಷ್ಟು ತಗೊಂಡ್ಹೋಗು. ನಿಮ್ಮೂರಲ್ಲಿ ಬೀಜ ಇಲ್ಲದವರಿಗೂ ಹೇಳು.”

ಅವನು ಹೇಳಿದಂತೆಯೇ ಟೈಪ್ ಮಾಡಿದೆ.

“ಆದ್ರೆ ನಿಮಗೆ ನೆಟ್ಟಗೆ ಸಾಲು ಬಿತ್ತೋಕೆ ಬರಲ್ಲ. ಏಪ್ರಿಲ್‌ನಲ್ಲಿ ನಾನೇ ಬಂದು ಬದೀಲಿ ಕೂತು ನೋಡ್ತೀನಿ.”

ನನ್ನ ಕೈ ನಿಂತಿತು. ಕ್ರಿಸ್‌ಮಸ್‌ಗೆ ಇನ್ನು ಕೆಲವೇ ದಿನ. ಪರದೆಯ ಮೇಲೇ ಕಣ್ಣಿಟ್ಟು, ಧ್ವನಿ ಆದಷ್ಟು ಸಾದಾ ಮಾಡಿಕೊಂಡು ಕೇಳಿದೆ.

“ಸಾರಿ ಅಂತಾನೂ ಸೇರಿಸ್ಲಾ?”

“ಬೇಡ ಬೇಡ. ಅದನ್ನೀಗ್ಲೇ ಹೇಳ್ಬಿಟ್ರೆ ಆಮೇಲೇನು ಕೆಲಸ?”

“ಆಯ್ತು. ಯಾವ ತಿಂಗಳು ಅಂದೆ? ಸರಿಯಾಗಿ ಕೇಳ್ಸಲಿಲ್ಲ.”

“ಏಪ್ರಿಲ್ ಅಂದೆ ಕಣೆ. ಬಿತ್ತನೆ ಬೇರೆ ಯಾವಾಗ ಮಾಡ್ತಾರೆ?”

ಏಪ್ರಿಲ್ ಎಂದು ಬರೆದು, ಎಲ್ಲರಿಗೂ ಕಳಿಸಿದೆ.